ಬೈಪೋಲಾರ್ ಚಿಕಿತ್ಸೆ ಬಗ್ಗೆ ನಂಬೋ ಅಂಥ ಮಾಹಿತಿ ಹುಡುಕೋದು ಹೆಂಗೆ? ದಾವಣಗೆರೆ, ಚಿತ್ರದುರ್ಗ ಕಡೆಯವರಿಗೆ

ನಂದು ದಾವಣಗೆರೇಲಿ ಆಸ್ಪತ್ರೆ ರೋಡಲ್ಲಿ ಒಂದು ಸಣ್ಣ ಜೆರಾಕ್ಸ್ ಅಂಗಡಿ. ರಿಪೋರ್ಟು, ಆಧಾರು, ರೇಷನ್ ಕಾರ್ಡು ಅಂತ ಬಂದೋರು ಹಂಗೇ ಡಾಕ್ಟ್ರ ಚೀಟಿನೂ ಮುಂದಿಟ್ಟು "ಅಣ್ಣ, ಈ ಮಾತ್ರೆ ಯಾತಕ್ಕೆ ಅಂತ ನೆಟ್ಟಲ್ಲಿ ನೋಡಿ ಹೇಳ್ರಿ" ಅಂತಾರೆ. ಅದರಲ್ಲಿ ಬೈಪೋಲಾರ್ (ಮನಸ್ಸು ಒಮ್ಮೆ ವಿಪರೀತ ಏರಿ, ಒಮ್ಮೆ ಪೂರ್ತಿ ಕುಸಿಯೋ ಕಾಯಿಲೆ) ಚೀಟಿ ನಂಗೆ ನೋಡಿದ ತಕ್ಷಣ ಗೊತ್ತಾಗುತ್ತೆ, ಯಾಕಂದ್ರೆ ನಮ್ಮಣ್ಣನಿಗೂ ಅದೇ ಕಾಯಿಲೆ, 11 ವರ್ಷದಿಂದ ಅವನ ಮಾತ್ರೆ ಡಬ್ಬಿ ತುಂಬೋದು ನಾನೇ. ಹಿಂಗಾಗಿ ಜಗಳೂರು, ಹೊಸದುರ್ಗ, ಚಳ್ಳಕೆರೆ ಕಡೆಯಿಂದೆಲ್ಲ ಯಾರೋ ನಂಬರ್ ಕೊಟ್ರು ಅಂತ ಯಾರೋ ಫೋನ್ ಮಾಡ್ತಾರೆ, ಪ್ರಶ್ನೆ ಮಾತ್ರ ಒಂದೇ: ಒಬ್ಬೊಬ್ರು ಒಂದೊಂದು ಹೇಳ್ತಾರಲ್ಲ, ಯಾವುದನ್ನ ನಂಬೋದು? ಪ್ರತಿ ಸಲ ಅರ್ಧ ಗಂಟೆ ಮಾತಾಡೋ ಬದಲು ಒಂದೇ ಸಲ ಬರೆದಿಡ್ತಾ ಇದೀನಿ.

ನಾನು ಡಾಕ್ಟ್ರಲ್ಲ. ಯಾವ ಮಾತ್ರೆ ಒಳ್ಳೇದು ಅಂತ ಹೇಳಲ್ಲ, ನಿಮ್ಮ ಮನೆಯವರಿಗೆ ಯಾವುದು ಒಗ್ಗುತ್ತೆ ಅಂತ ನೆಟ್ಟಿಗೂ ಗೊತ್ತಿಲ್ಲ. ಹುಡುಕಿ ಹುಡುಕಿ ಒಂದು ಒಳ್ಳೇ ಪ್ರಶ್ನೆ ಸಿಕ್ಕು ಅದು ಡಾಕ್ಟ್ರ ಟೇಬಲ್‌ವರೆಗೂ ಹೋದ್ರೆ ಸಾಕು, ಹುಡುಕಿದ್ದಕ್ಕೆ ಕೂಲಿ ಬಂತು ಅಂತ ತಿಳ್ಕೊಳ್ರಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಮನೇಲಿ ಯಾರಾದ್ರೂ ಸಾಯೋ ಮಾತು ಆಡ್ತಾ ಇದ್ರೆ, ಇಲ್ಲಾ ಎರಡ್ಮೂರು ರಾತ್ರಿ ಕಣ್ಣೇ ಮುಚ್ಚದೆ ದುಡ್ಡು ಚೆಲ್ಲೋದು, ಜಗಳಕ್ಕೆ ಹೋಗೋದು, ಗಾಡಿ ತಗೊಂಡು ಎಲ್ಲೆಲ್ಲೋ ಓಡೋದು ನಡೀತಿದ್ರೆ, ಅದು ಓದಿ ತಿಳ್ಕೊಳ್ಳೋ ಹೊತ್ತಲ್ಲ. ಮೊಬೈಲ್ ಕೆಳಗಿಟ್ಟು ಸೀದಾ ಜಿಲ್ಲಾ ಆಸ್ಪತ್ರೆ ಎಮರ್ಜೆನ್ಸಿಗೆ ಕರ್ಕೊಂಡು ಹೋಗ್ರಿ, ಕೈಮೀರಿದ್ರೆ 112ಕ್ಕೆ ಫೋನ್ ಮಾಡ್ರಿ. ಮಾತಾಡೋಕೆ ಯಾರಾದ್ರೂ ಬೇಕು ಅಂದ್ರೆ ಸರ್ಕಾರದ ಸಹಾಯವಾಣಿ 14416. ಅವರನ್ನ ಒಬ್ಬರನ್ನೇ ಬಿಡಬೇಡ್ರಿ, ಮನೇಲಿರೋ ಮಾತ್ರೆ ಎಲ್ಲ ನೀವು ಎತ್ತಿಟ್ಕೊಳ್ರಿ.

ಏನೇನು ಬೇಕು

ಜಾಸ್ತಿ ಏನಿಲ್ಲ. ಹಳೇ ಹೊಸಾ ಚೀಟಿ ಎಲ್ಲ, ಅಡ್ಮಿಟ್ ಆಗಿದ್ರೆ ಡಿಸ್ಚಾರ್ಜ್ ಸಮರಿ, ರಕ್ತ ಪರೀಕ್ಷೆ ರಿಪೋರ್ಟುಗಳು, ಖಾಲಿ ಆದ ಸ್ಟ್ರಿಪ್‌ಗಳು (ಬಿಸಾಕಬೇಡ್ರಿ, ಹೆಸರು ಅದರ ಮೇಲೇ ಇರೋದು), 100 ಪೇಜಿನ ಒಂದು ನೋಟ್ ಬುಕ್ಕು, ಪೆನ್ನು. ಮೊಬೈಲಲ್ಲೇ ಬರ್ಕೋತೀನಿ ಅಂತ ಹುಡುಗರು ಹೇಳ್ತಾರೆ, ಆದ್ರೆ ಓಪಿಡಿಯಲ್ಲಿ ಡಾಕ್ಟ್ರ ಮುಂದೆ ನಿಂತಾಗ ಅದನ್ನ ಹುಡುಕೋದ್ರಲ್ಲೇ ಟೈಮ್ ಮುಗಿದಿರುತ್ತೆ.

ಹಂತ 1: ಕಾಯಿಲೆ ಹೆಸರು ಏನು ಬರೆದಾರೆ ನೋಡ್ರಿ

ಇದು ತಮಾಷೆ ಅನ್ನಿಸಬಹುದು, ಆದ್ರೆ ನನ್ನ ಹತ್ರ ಬರೋರಲ್ಲಿ ಅರ್ಧ ಜನಕ್ಕೆ ಕಾಯಿಲೆ ಹೆಸರೇ ಗೊತ್ತಿರಲ್ಲ. "ನರದ ವೀಕ್ನೆಸ್ಸು", "ಟೆನ್ಶನ್ನು", "ನಿದ್ದೆ ಬರಲ್ಲ ಅಂತ ಮಾತ್ರೆ" ಅಂತಾರೆ. ಇದನ್ನೇ ಟೈಪ್ ಮಾಡಿದ್ರೆ ಬರೋದು ನರಕ್ಕೆ ಶಕ್ತಿ ಕೊಡೋ ಟಾನಿಕ್ಕಿನ ಜಾಹೀರಾತು.

ಚೀಟಿ ಮೇಲೆ ಬಿಪಿಎಡಿ ಅಂತ ಇದ್ರೆ ಅದು ಬೈಪೋಲಾರ್ ಅಫೆಕ್ಟಿವ್ ಡಿಸಾರ್ಡರ್. ಹಳೇ ಡಾಕ್ಟ್ರುಗಳು ಎಂಡಿಪಿ ಅಂತ ಬರೀತಾರೆ, ಅದೂ ಇದೇ. ಕೆಲವರು ಎಫ್31 ಅಂತ ಕೋಡ್ ಮಾತ್ರ ಹಾಕ್ತಾರೆ. ಕನ್ನಡದಲ್ಲಿ ದ್ವಿಧ್ರುವ ಕಾಯಿಲೆ, ಉನ್ಮಾದ-ಖಿನ್ನತೆ ಅಂತೆಲ್ಲ ಬರೀತಾರೆ, ಹುಡುಕುವಾಗ ಒಂದರಲ್ಲಿ ಸಿಗದಿದ್ರೆ ಇನ್ನೊಂದರಲ್ಲಿ ನೋಡ್ರಿ.

ಮೂರು ಪದ ಗೊತ್ತಿದ್ರೆ ಸಾಕು. ಮೇನಿಯಾ ಅಂದ್ರೆ ಮನಸ್ಸು ಏರಿ ಕೂರೋದು: ನಿದ್ದೆ ಬೇಡ, ಮಾತು ನಿಲ್ಲಲ್ಲ, ನಾನೇ ರಾಜ ಅನ್ನೋ ಧಾಟಿ, ಅಥವಾ ಸಿಕ್ಕಾಪಟ್ಟೆ ಸಿಟ್ಟು, ಒಂದು ವಾರನಾದ್ರೂ ಇರುತ್ತೆ. ಹೈಪೋಮೇನಿಯಾ ಅಂದ್ರೆ ಅದೇ ಸ್ವಲ್ಪ ಕಮ್ಮಿ ಮಟ್ಟದಲ್ಲಿ, ಕನಿಷ್ಠ 4 ದಿನ, ಮನೆಯವರಿಗೆ "ಏನೋ ಇವತ್ತು ಬಲೇ ಚುರುಕಾಗಿದಾನೆ" ಅನ್ಸುತ್ತೆ ಅಷ್ಟೇ, ಕಾಯಿಲೆ ಅಂತ ಹೊಳೆಯೋದೇ ಇಲ್ಲ. ಡಿಪ್ರೆಶನ್ ಅಂದ್ರೆ ಕುಸಿದು ಹೋಗೋದು, ಎರಡು ವಾರ ಅಥವಾ ಜಾಸ್ತಿ. ನಿಮ್ಮವರು ಈಗ ಯಾವುದರಲ್ಲಿ ಇದಾರೆ ಅನ್ನೋದನ್ನ ನೋಟ್ ಬುಕ್ಕಿನ ಮೊದಲ ಪುಟದಲ್ಲಿ ಬರೀರಿ, ಯಾಕಂದ್ರೆ ಮೇನಿಯಾಕ್ಕೆ ಕೊಡೋ ಚಿಕಿತ್ಸೆ ಬೇರೆ, ಡಿಪ್ರೆಶನ್ನಿಗೆ ಬೇರೆ, ಎರಡೂ ಇಲ್ಲದಾಗ ಮತ್ತೆ ಬರದಂಗೆ ತಡೆಯೋಕೆ ಕೊಡೋದು ಬೇರೆ. ಇದು ಗೊತ್ತಿಲ್ಲದೆ ಓದಿದ್ರೆ ಎಲ್ಲಾ ಲೇಖನಗಳೂ ಒಂದಕ್ಕೊಂದು ಉಲ್ಟಾ ಹೇಳ್ದಂಗೆ ಕಾಣುತ್ತೆ.

ಹೆಸರು ಬರೆದಿಲ್ಲ ಅಂದ್ರೆ ಕೇಳ್ರಿ, ಸಂಕೋಚ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 22ನೇ ಸೆಕ್ಷನ್ ಪ್ರಕಾರ ಕಾಯಿಲೆ ಏನು, ಏನು ಚಿಕಿತ್ಸೆ, ಅದರ ಸೈಡ್ ಎಫೆಕ್ಟ್ ಏನು ಅಂತ ತಿಳ್ಕೊಳ್ಳೋದು ಪೇಶೆಂಟ್ ಹಕ್ಕು, 25ನೇ ಸೆಕ್ಷನ್ ಪ್ರಕಾರ ತನ್ನ ರೆಕಾರ್ಡ್ ಕೇಳಿ ಪಡೆಯೋದೂ ಹಕ್ಕು. ಕಾಯ್ದೆ ಹೆಸರು ಹೇಳಿ ಜಗಳ ತೆಗೀಬೇಡ್ರಿ, "ಸರ್ ಕಾಯಿಲೆ ಹೆಸರು ಒಂದ್ಸಲ ಬರ್ಕೊಡ್ತೀರಾ" ಅಂದ್ರೆ ಬರ್ಕೊಡ್ತಾರೆ.

ಹಂತ 2: ಮಾತ್ರೆದು ಕಂಪನಿ ಹೆಸರು ಬಿಟ್ಟು ಒಳಗಿನ ಹೆಸರು ಹಿಡೀರಿ

ಸ್ಟ್ರಿಪ್ ಮೇಲೆ ದಪ್ಪಕ್ಷರದಲ್ಲಿ ಇರೋದು ಬ್ರ್ಯಾಂಡು. ಅದರ ಹತ್ರಾನೇ ಇರುವೆ ಸಾಲಿನಂಗೆ ಸಣ್ಣಕ್ಷರದಲ್ಲಿ ಇರೋದು ಜನರಿಕ್ ಹೆಸರು, ಅಂದ್ರೆ ಒಳಗಿರೋ ನಿಜವಾದ ಔಷಧಿ. ಲಿಥಿಯಂ ಕಾರ್ಬೊನೇಟ್, ಸೋಡಿಯಂ ವಾಲ್ಪ್ರೊಯೇಟ್ ಅಥವಾ ಡೈವಾಲ್ಪ್ರೊಯೆಕ್ಸ್, ಲ್ಯಾಮೊಟ್ರಿಜಿನ್, ಕಾರ್ಬಮಜೆಪಿನ್, ಕ್ವೆಟಿಯಾಪಿನ್, ಒಲಾಂಜಪಿನ್, ರಿಸ್ಪೆರಿಡೋನ್, ಅರಿಪಿಪ್ರಜೋಲ್: ಹೆಚ್ಚೂಕಮ್ಮಿ ಇಷ್ಟರೊಳಗೇ ಇರುತ್ತೆ. ಹೆಸರನ್ನ ಒಂದೊಂದೇ ಅಕ್ಷರ ನೋಡಿ ಇಂಗ್ಲಿಷಲ್ಲೇ ನೋಟ್ ಬುಕ್ಕಿಗೆ ಇಳಿಸ್ರಿ. ಲ್ಯಾಮೊಟ್ರಿಜಿನ್ ಬದಲು ಲ್ಯಾಮಿವುಡಿನ್ ಅಂತ ಟೈಪ್ ಮಾಡಿದ್ರೋ, ಎಚ್‌ಐವಿ ಮಾತ್ರೆ ಬಗ್ಗೆ ಬರುತ್ತೆ, ಮನೇಲಿ ಹೊಸ ರಾಮಾಯಣ ಶುರು. ಬರೀ ಲಿಥಿಯಂ ಅಂತ ಹೊಡೆದ್ರೆ ಕರೆಂಟ್ ಸ್ಕೂಟರ್ ಬ್ಯಾಟರಿ ರೇಟು ತೋರಿಸುತ್ತೆ. ಲಿಥಿಯಂ ಕಾರ್ಬೊನೇಟ್ ಟ್ಯಾಬ್ಲೆಟ್ ಅಂತ ಪೂರ್ತಿ ಹಾಕ್ರಿ.

ಇಲ್ಲೊಂದು ದೊಡ್ಡ ಗುಂಡಿ ಐತೆ, ತುಂಬಾ ಜನ ಬೀಳ್ತಾರೆ. ವಾಲ್ಪ್ರೊಯೇಟ್, ಕಾರ್ಬಮಜೆಪಿನ್, ಲ್ಯಾಮೊಟ್ರಿಜಿನ್ ಹುಡುಕಿದ್ರೆ ಮೊದಲು ಬರೋದೇ "ಫಿಟ್ಸ್ ಮಾತ್ರೆ" ಅಂತ. ಕ್ವೆಟಿಯಾಪಿನ್, ಒಲಾಂಜಪಿನ್ ಹುಡುಕಿದ್ರೆ "ಸ್ಕಿಜೋಫ್ರೇನಿಯಾ ಮಾತ್ರೆ" ಅಂತ. ಅಷ್ಟು ನೋಡಿ "ನಮ್ಮ ಹುಡುಗನಿಗೆ ಫಿಟ್ಸೇ ಇಲ್ವಲ್ಲ, ಡಾಕ್ಟ್ರು ತಪ್ಪು ಬರೆದಾರೆ" ಅಂತ ಮಾತ್ರೆ ನಿಲ್ಲಿಸಿದೋರನ್ನ ನಾನೇ ನೋಡೀನಿ. ತಪ್ಪಲ್ರಿ ಅದು. ಒಂದೇ ಔಷಧಿ ಎರಡು ಮೂರು ಕಾಯಿಲೆಗೆ ಕೆಲಸ ಮಾಡುತ್ತೆ. ಫಿಟ್ಸ್ ಮಾತ್ರೆಗಳಲ್ಲಿ ಕೆಲವು ಮನಸ್ಸಿನ ಏರಿಳಿತಾನೂ ಹಿಡಿದಿಡ್ತವೆ, ಅದಕ್ಕೇ ಅವನ್ನ ಲಿಥಿಯಂ ಜೊತೆ ಸೇರಿಸಿ ಮೂಡ್ ಸ್ಟೆಬಿಲೈಸರ್ ಅನ್ನೋದು.

ಮಿಲಿಗ್ರಾಂ ಎಷ್ಟು, ಹೆಸರಿನ ಮುಂದೆ ಎಸ್‌ಆರ್, ಸಿಆರ್, ಇಆರ್ ಏನಾದ್ರೂ ಇದೆಯಾ (ನಿಧಾನಕ್ಕೆ ಕರಗೋ ಮಾತ್ರೆ ಅಂತ ಅರ್ಥ), ಅದನ್ನೂ ಬರ್ಕೊಳ್ರಿ. ಜನೌಷಧಿ ಅಂಗಡೀಲಿ ಕಮ್ಮಿ ರೇಟಿಗೆ ಸಿಗೋದು ಕಳಪೆ ಏನಲ್ಲ, ಆದ್ರೆ ಲಿಥಿಯಂ ಮಾತ್ರ ಒಂದು ಕಂಪನಿದು ಬಿಟ್ಟು ಇನ್ನೊಂದಕ್ಕೆ ಹೋಗೋ ಮುಂಚೆ ಡಾಕ್ಟ್ರಿಗೆ ಹೇಳ್ರಿ, ರಕ್ತದಲ್ಲಿ ಅದರ ಮಟ್ಟ ಸ್ವಲ್ಪ ಹೆಚ್ಚುಕಮ್ಮಿ ಆಗೋ ಸಾಧ್ಯತೆ ಐತೆ.

ಹಂತ 3: ಪ್ರಶ್ನೆ ಸಣ್ಣದು ಮಾಡ್ರಿ

ಎಲ್ಲರೂ ಹೊಡೆಯೋದು "ಬೈಪೋಲಾರ್ ಪೂರ್ತಿ ಗುಣ ಆಗುತ್ತಾ" ಅಂತ. ಸಂಕಟ ಅರ್ಥ ಆಗುತ್ತೆ, ನಾನೂ ಮೊದಲ ವರ್ಷ ಅದನ್ನೇ ಹೊಡೀತಿದ್ದೆ, ರಾತ್ರಿ ಎರಡು ಗಂಟೇಲಿ. ಆದ್ರೆ ಆ ಪ್ರಶ್ನೆಗೆ ಕಾಯ್ಕೊಂಡು ಕೂತಿರೋರು ಮೋಸಗಾರರು. ಒಳ್ಳೇ ಜಾಗದಲ್ಲೆಲ್ಲ ಸಿಗೋ ಉತ್ತರ ಒಂದೇ: ಬಿಪಿ, ಶುಗರ್ ತರ ಬಹಳ ಕಾಲ ನೋಡ್ಕೊಂಡು ಹೋಗೋ ಕಾಯಿಲೆ ಇದು, ಸರಿಯಾಗಿ ಮಾತ್ರೆ ತಗೊಂಡ್ರೆ ಕೆಲಸ, ಸಂಸಾರ ಎಲ್ಲಾ ಮಾಡ್ಕೊಂಡು ಇರಬಹುದು. "21 ದಿನದಲ್ಲಿ ಬುಡಸಮೇತ ಗುಣ, ಇಂಗ್ಲಿಷ್ ಮಾತ್ರೆ ಬಿಡಿ" ಅಂತ ಯಾರಾದ್ರೂ ಹಾಕಿದ್ರೆ ಅವರು ಸುಳ್ಳು ಹೇಳೋದಷ್ಟೇ ಅಲ್ಲ, ಕಾನೂನನ್ನೂ ಮುರೀತಾ ಇದಾರೆ. 1954ರಲ್ಲೇ ಬಂದ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ ಇಂತಿಂಥ ಕಾಯಿಲೆ ಗುಣಪಡಿಸ್ತೀವಿ ಅಂತ ಜಾಹೀರಾತು ಕೊಡಂಗಿಲ್ಲ ಅಂತ ಪಟ್ಟಿನೇ ಐತೆ, ಅದರಲ್ಲಿ "ಹುಚ್ಚು" ಅನ್ನೋ ಹಳೇ ಪದದಲ್ಲಿ ಮಾನಸಿಕ ಕಾಯಿಲೆನೂ ಸೇರೈತೆ.

ಹಂಗಾದ್ರೆ ಏನು ಕೇಳ್ಬೇಕು? ಹಿಂಗೆ:

ಈ ಮಾತ್ರೆ ತಗೊಳ್ಳೋರು ಯಾವ ಯಾವ ರಕ್ತ ಪರೀಕ್ಷೆ, ಎಷ್ಟು ತಿಂಗಳಿಗೊಮ್ಮೆ ಮಾಡಿಸ್ಬೇಕು?
ಒಂದು ಹೊತ್ತಿನ ಮಾತ್ರೆ ಮರೆತ್ರೆ ಏನು ಮಾಡೋದು?
ಇದರ ಜೊತೆ ಯಾವ ನೋವಿನ ಮಾತ್ರೆ ತಗೋಬಾರ್ದು?
ಮದುವೆ ಆಗಿ ಮಕ್ಕಳು ಬೇಕು ಅನ್ನೋರಿಗೆ ಈ ಮಾತ್ರೆ ಸರೀನಾ?
ಯಾವ ಲಕ್ಷಣ ಕಂಡ್ರೆ ಬೆಳಗಾಗೋವರೆಗೂ ಕಾಯದೆ ಆಸ್ಪತ್ರೆಗೆ ಓಡ್ಬೇಕು?

ಇಂಥ ಪ್ರಶ್ನೆಗೆ ಖಚಿತವಾದ ಉತ್ತರ ಐತೆ, ಅದಕ್ಕೇ ಸುಳ್ಳು ಹೇಳೋರಿಗೆ ಇಲ್ಲಿ ಜಾಗ ಕಮ್ಮಿ.

ಹಂತ 4: ಎಲ್ಲಿ ಹುಡುಕೋದು

ಮೊದಲು ಫೋನು. ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರದ್ದು, 2022 ಅಕ್ಟೋಬರ್ 10ಕ್ಕೆ ಶುರುವಾಗಿದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ನಂಬರ್ 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತೆ, ಕನ್ನಡ ಒತ್ತಿದ್ರೆ ಕನ್ನಡದೋರೇ ಸಿಗ್ತಾರೆ. ಮೊದಲು ಎತ್ತೋರು ಕೌನ್ಸೆಲರ್, ಬೇಕಾದ್ರೆ ಮೇಲಿನವರಿಗೆ ಕನೆಕ್ಟ್ ಮಾಡ್ತಾರೆ. ಓದೋಕೆ ಬರದ ಅಪ್ಪ ಅಮ್ಮಂದಿರಿಗೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ಫೋನ್ ಮಾಡೋ ಮುಂಚೆ ನೋಟ್ ಬುಕ್ಕು ಮುಂದಿರ್ಲಿ, ಇಲ್ಲಾಂದ್ರೆ ಅವರು "ಯಾವ ಮಾತ್ರೆ ತಗೋತಾ ಇದಾರೆ" ಅಂದಾಗ "ಬಿಳೀದು ಒಂದು, ಹಳದಿ ಒಂದು" ಅಂತ ಹೇಳ್ತಾ ಕೂರ್ತೀರಿ.

ಎರಡನೇದು ಜಿಲ್ಲಾ ಆಸ್ಪತ್ರೆ. ದಾವಣಗೆರೆಯಲ್ಲಿ ಚಿಗಟೇರಿ ಆಸ್ಪತ್ರೆ, ದುರ್ಗದಲ್ಲಿ ಅಲ್ಲಿನ ಜಿಲ್ಲಾ ಆಸ್ಪತ್ರೆ. ಮಾನಸಿಕ ರೋಗ ವಿಭಾಗಕ್ಕೆ ಹೋಗಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರು ಯಾರು ಅಂತ ಕೇಳ್ರಿ, ಅಲ್ಲಿ ಸೋಶಿಯಲ್ ವರ್ಕರ್, ಕಮ್ಯುನಿಟಿ ನರ್ಸ್ ಇರ್ತಾರೆ, ಡಾಕ್ಟ್ರಿಗಿಂತ ಜಾಸ್ತಿ ಹೊತ್ತು ಕೂತು ಮಾತಾಡ್ತಾರೆ. ಅಂದಹಾಗೆ ಇಡೀ ದೇಶದಲ್ಲಿ 1996ರಿಂದ ಶುರುವಾದ ಈ ಕಾರ್ಯಕ್ರಮಕ್ಕೆ ಮಾದರಿ ನಮ್ಮ ಪಕ್ಕದ ಬಳ್ಳಾರಿ, 80ರ ದಶಕದಲ್ಲಿ ನಿಮ್ಹಾನ್ಸ್‌ನವರು ಅಲ್ಲಿ ಮಾಡಿ ತೋರಿಸಿದ್ದು. ತಾಲೂಕಿನಲ್ಲಿ ಇರೋರು ತಾಲೂಕು ಆಸ್ಪತ್ರೇಲಿ ಮನೋಚೈತನ್ಯ ಕ್ಲಿನಿಕ್ ಯಾವ ಮಂಗಳವಾರ ಅಂತ ವಿಚಾರಿಸ್ರಿ, ಮನೋವೈದ್ಯರು ಅವತ್ತು ಅಲ್ಲಿಗೇ ಬರ್ತಾರೆ, ಮೊಳಕಾಲ್ಮೂರಿಂದ ದುರ್ಗಕ್ಕೆ ಬಸ್ ಹತ್ತೋದು ತಪ್ಪುತ್ತೆ.

ಆಮೇಲೆ ಓದೋದು. ಕನ್ನಡದಲ್ಲಿ ನಿಮ್ಹಾನ್ಸ್ ಮಾಡಿಸಿರೋದು, ಮಾನಸಿಕ ಆರೋಗ್ಯದ ಮಾಹಿತಿ ಕೊಡೋ ವೈಟ್ ಸ್ವಾನ್ ಫೌಂಡೇಶನ್ ಅನ್ನೋ ಸಂಸ್ಥೆಯವರು ಬರೆಸಿರೋದು ಚೆನ್ನಾಗೈತೆ. ಇಂಗ್ಲಿಷ್ ಸ್ವಲ್ಪ ಓದ್ತೀನಿ ಅನ್ನೋರು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಮೊದಲು ನೋಡ್ರಿ, ಹತ್ತನೇ ಕ್ಲಾಸಿನ ಮಕ್ಕಳಿಗೂ ತಿಳಿಯಂಗೆ ಬರೀತಾರೆ, ಒಂದೊಂದು ಮಾತ್ರೆಗೂ ಬೇರೆ ಪುಟ ಐತೆ. ಅಮೆರಿಕ ಸರ್ಕಾರದ ವೆಬ್‌ಸೈಟು ಮೆಡ್‌ಲೈನ್‌ಪ್ಲಸ್ ಮತ್ತೆ ಎನ್‌ಐಎಂಎಚ್. ಈ ಎನ್‌ಐಎಂಎಚ್ ಬೇರೆ, ನಮ್ಮ ನಿಮ್ಹಾನ್ಸ್ ಬೇರೆ, ಅಕ್ಷರ ಒಂದೇ ತರ ಕಾಣ್ತವೆ ಅಂತ ಗೊಂದಲ ಮಾಡ್ಕೋಬೇಡ್ರಿ.

ಇನ್ನೂ ಆಳಕ್ಕೆ ಹೋಗೋರಿಗೆ ಗೈಡ್‌ಲೈನ್ ಅಂತ ಇರುತ್ತೆ, ಅಂದ್ರೆ ಡಾಕ್ಟ್ರುಗಳು ಡಾಕ್ಟ್ರುಗಳಿಗೇ ಬರೆದಿಟ್ಕೊಂಡಿರೋ ಚಿಕಿತ್ಸೆಯ ದಾರಿನಕ್ಷೆ. ಭಾರತದ ಮನೋವೈದ್ಯರ ಸಂಘ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿಯದು 2017ರದ್ದು, ಇಂಗ್ಲೆಂಡಿನ ನೈಸ್ ಸಂಸ್ಥೆದು 2014ರಲ್ಲಿ ಬಂದು ಆಮೇಲೂ ತಿದ್ದುಪಡಿ ಆಗಿರೋದು, ಕೆನಡಾದ ಕ್ಯಾನ್‌ಮ್ಯಾಟ್ 2018ರದ್ದು. ಮೂರೂ ಫ್ರೀ ಸಿಗ್ತವೆ. ಅದರಲ್ಲಿ ಫಸ್ಟ್ ಲೈನ್ ಅನ್ನೋ ಪದ ಬರುತ್ತೆ, ಮೊದಲು ಪ್ರಯತ್ನ ಮಾಡ್ಬೇಕಾದ್ದು ಅಂತ ಅರ್ಥ. "ನಮಗೆ ಸೆಕೆಂಡ್ ಲೈನ್ ಮಾತ್ರೆ ಕೊಟ್ಟಾರೆ, ಬಡವರು ಅಂತ" ಅಂದ್ಕೋಬೇಡ್ರಿ. ಕಿಡ್ನಿ ಸರಿ ಇಲ್ಲ, ಮೊದಲಿಂದು ಒಗ್ಗಲಿಲ್ಲ, ರಕ್ತ ಪರೀಕ್ಷೆಗೆ ಪದೇ ಪದೇ ಬರೋಕಾಗಲ್ಲ, ಹಿಂಗೆ ನೂರು ಕಾರಣ ಇರುತ್ತೆ. ಕಾರಣ ಏನು ಅಂತ ಕೇಳೋದು ಒಳ್ಳೇ ಪ್ರಶ್ನೆ, ನೋಟ್ ಬುಕ್ಕಿಗೆ ಹಾಕ್ಕೊಳ್ರಿ.

ಹಂತ 5: ಓದ್ತಾ ಇರೋದನ್ನ ಒರೆಗೆ ಹಚ್ಚಿ ನೋಡ್ರಿ

ಯಾರು ಬರೆದಿದ್ದು, ಯಾವಾಗ ಬರೆದಿದ್ದು, ಕೊನೇಲಿ ಏನಾದ್ರೂ ಮಾರ್ತಾರಾ, ಈ ಮೂರು ಎಲ್ಲರೂ ಹೇಳ್ತಾರೆ, ಸರಿನೇ. ಆದ್ರೆ ಅದಕ್ಕಿಂತ ಗಟ್ಟಿ ಪರೀಕ್ಷೆ ಒಂದೈತೆ. ಒಂದೊಂದು ಮಾತ್ರೆಗೂ ಹೇಳಲೇಬೇಕಾದ ಒಂದು ಎಚ್ಚರಿಕೆ ಇರುತ್ತೆ, ಅದನ್ನ ಹೇಳದೆ ಬರೀ ಲಾಭ ಹೇಳಿದ್ರೆ ಆ ಪುಟ ಮುಚ್ಚಿಬಿಡ್ರಿ, ಬರೆದೋರು ಎಷ್ಟೇ ದೊಡ್ಡ ಹೆಸರಿರಲಿ.

ಲಿಥಿಯಂ: ರಕ್ತ ಪರೀಕ್ಷೆ ಮಾತೇ ಇಲ್ಲ ಅಂದ್ರೆ ಆ ಲೇಖನ ಕಸ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟ್ರು ಮೇನಿಯಾಕ್ಕೆ ಇದು ಆಗುತ್ತೆ ಅಂತ ಬರೆದ್ರು, ಇವತ್ತಿಗೂ ಇದನ್ನ ಮೀರಿಸೋದು ಕಷ್ಟ, ಆತ್ಮಹತ್ಯೆ ಅಪಾಯ ಕಮ್ಮಿ ಮಾಡುತ್ತೆ ಅನ್ನೋದಕ್ಕೂ ಆಧಾರ ಐತೆ. ಆದ್ರೆ ಕೆಲಸ ಮಾಡೋ ಮಟ್ಟಕ್ಕೂ ವಿಷ ಆಗೋ ಮಟ್ಟಕ್ಕೂ ಅಂತರ ಬಹಳ ಕಮ್ಮಿ. ರಕ್ತದಲ್ಲಿ ಲಿಥಿಯಂ ಮಟ್ಟ ಸಾಮಾನ್ಯವಾಗಿ 0.6ರಿಂದ 0.8, ಕೆಲವರಿಗೆ 1.0ವರೆಗೂ ಇಡ್ತಾರೆ, 1.5 ದಾಟಿದ್ರೆ ಅಪಾಯ, ಕೆಲವರಿಗೆ ಅದಕ್ಕಿಂತ ಮುಂಚೆನೂ ತೊಂದರೆ ಕಾಣುತ್ತೆ. ರಿಪೋರ್ಟಲ್ಲಿ ಒಂದು ಲ್ಯಾಬಿನವರು ಎಂಇಕ್ಯು ಅಂತ, ಇನ್ನೊಬ್ಬರು ಎಂಎಂಒಎಲ್ ಅಂತ ಹಾಕಿರ್ತಾರೆ, ಲಿಥಿಯಂ ಮಟ್ಟಿಗೆ ಎರಡೂ ಒಂದೇ, ಗಾಬರಿ ಬೇಡ. ರಕ್ತ ಕೊಡೋದು ಹಿಂದಿನ ಡೋಸ್ ತಗೊಂಡು 12 ಗಂಟೆ ಆದ ಮೇಲೆ. ಬೆಳಿಗ್ಗೆ ಮಾತ್ರೆ ನುಂಗಿಕೊಂಡು ಲ್ಯಾಬಿಗೆ ಹೋದ್ರೆ ನಂಬರ್ ಸುಳ್ಳು ಹೇಳುತ್ತೆ, ಇದನ್ನ ಲ್ಯಾಬಿನವರು ಕೇಳೋದು ಅಪರೂಪ, ನೀವೇ ನೆನಪಿಟ್ಕೋಬೇಕು. ಡೋಸ್ ಬದಲಾದ ವಾರಕ್ಕೆ ಒಂದ್ಸಲ, ಸ್ಥಿರ ಆದ ಮೇಲೆ 3 ತಿಂಗಳಿಗೋ 6 ತಿಂಗಳಿಗೋ, ಜೊತೆಗೆ ಥೈರಾಯ್ಡ್, ಕಿಡ್ನಿಯ ಕ್ರಿಯಾಟಿನಿನ್, ಕ್ಯಾಲ್ಸಿಯಂ.

ಇದು ನಮ್ಮ ಮನೇಲೇ ಆಗಿದ್ದು. ಏಪ್ರಿಲ್ ಬಿಸಿಲು, ಅಣ್ಣನಿಗೆ ಜ್ವರ, ಮೈಕೈ ನೋವು. ಮೆಡಿಕಲ್ ಶಾಪಲ್ಲಿ ಕೇಳಿ ಡೈಕ್ಲೋಫೆನಾಕ್ ಮಾತ್ರೆ ತಂದು ಮೂರು ದಿನ ಕೊಟ್ಟೆ, ನಾನೇ. ನಾಲ್ಕನೇ ದಿನ ಬೆಳಿಗ್ಗೆ ಟೀ ಲೋಟ ಅವನ ಕೈಯಲ್ಲಿ ಕುಣೀತಾ ಇತ್ತು, ಅರ್ಧ ಟೀ ಬಸಿಗೆ, ಅರ್ಧ ಪಂಚೆಗೆ. ಮಾತು ತೊದಲು, ವಾಂತಿ. ಲಿಥಿಯಂ ಮಟ್ಟ ಏರಿತ್ತು. ಡೈಕ್ಲೋಫೆನಾಕ್, ಐಬುಪ್ರೊಫೆನ್ ತರದ ನೋವಿನ ಮಾತ್ರೆಗಳು ಕಿಡ್ನಿಯಿಂದ ಲಿಥಿಯಂ ಹೊರಗೆ ಹೋಗೋದನ್ನ ಕಮ್ಮಿ ಮಾಡ್ತವೆ, ಮೈಯಲ್ಲಿ ನೀರು, ಉಪ್ಪು ಕಮ್ಮಿ ಆದ್ರೂ ಅದೇ ಕಥೆ. ವಾಂತಿ ಭೇದಿ ಆದಾಗ, ನೀರೂ ಕುಡಿಯದೆ ಉಪವಾಸ ಮಾಡಿದಾಗ, ಬಿಪಿ ಅಂತ ಯಾರೋ ಹೇಳಿ ಏಕಾಏಕಿ ಉಪ್ಪು ಬಿಟ್ಟಾಗ, ಇಂಥ ಹೊತ್ತಲ್ಲೆಲ್ಲ ಲಿಥಿಯಂ ತಗೊಳ್ಳೋರು ಡಾಕ್ಟ್ರಿಗೆ ಹೇಳ್ಬೇಕು. ಕೆಲವು ಬಿಪಿ ಮಾತ್ರೆಗಳೂ ಹಂಗೇ ಮಾಡ್ತವೆ. ಇಷ್ಟೂ ಎನ್‌ಎಚ್‌ಎಸ್‌ನ ಒಂದೇ ಪುಟದಲ್ಲಿ ಐತೆ, ನಾನು ಓದಿದ್ದು ಐದನೇ ದಿನ.

ವಾಲ್ಪ್ರೊಯೇಟ್: ಗರ್ಭಿಣಿ ಅನ್ನೋ ಪದ ಇಲ್ಲದ ಲೇಖನ ಓದಲೇಬೇಡ್ರಿ. ಬಸುರಿಯಾಗಿದ್ದಾಗ ತಗೊಂಡ್ರೆ 10ರಲ್ಲಿ ಸುಮಾರು ಒಂದು ಮಗು ಹುಟ್ಟಿನಿಂದಲೇ ದೋಷ ಇಟ್ಕೊಂಡು ಹುಟ್ಟೋ ಅಪಾಯ, 10ರಲ್ಲಿ ಮೂರ್ನಾಲ್ಕು ಮಕ್ಕಳಿಗೆ ಮಾತು, ಕಲಿಕೆ ಹಿಂದೆ ಬೀಳೋ ಅಪಾಯ. ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ 55 ವರ್ಷದ ಒಳಗಿನೋರಿಗೆ, ಗಂಡಸು ಹೆಂಗಸು ಇಬ್ಬರಿಗೂ, ಹೊಸದಾಗಿ ಇದನ್ನ ಶುರು ಮಾಡ್ಬೇಕಂದ್ರೆ ಇಬ್ಬರು ತಜ್ಞರು ಒಪ್ಪಬೇಕು. ತಾರೀಖು ಯಾಕೆ ನೋಡ್ಬೇಕು ಅನ್ನೋದಕ್ಕೆ ಇದೇ ಸಾಕ್ಷಿ, 2015ರ ಲೇಖನದಲ್ಲಿ ಇದು ಇರೋಕೆ ಸಾಧ್ಯ ಇಲ್ಲ. ಆದ್ರೆ ಇದನ್ನ ಓದಿ ಮಗಳ ಮಾತ್ರೆ ಇವತ್ತೇ ರಾತ್ರಿ ನಿಲ್ಲಿಸಬೇಡ್ರಿ, ನಾಳೆ ಡಾಕ್ಟ್ರ ಹತ್ರ ಹೋಗಿ ಬದಲಿ ಕೇಳ್ರಿ.

ಲ್ಯಾಮೊಟ್ರಿಜಿನ್: ಮೈಮೇಲೆ ಗುಳ್ಳೆ, ಕೆಂಪು ದದ್ದು ಬಂದ್ರೆ ತಕ್ಷಣ ಡಾಕ್ಟ್ರನ್ನ ಕಾಣ್ರಿ ಅಂತ ಇರಲೇಬೇಕು. ಅದನ್ನ ಸಣ್ಣ ಡೋಸಿಂದ ವಾರಗಟ್ಟಲೆ ನಿಧಾನಕ್ಕೆ ಏರಿಸೋದೇ ಆ ಕಾರಣಕ್ಕೆ. ಐದಾರು ದಿನ ಬಿಟ್ಟು ಹೋಗಿದ್ರೆ ಹಳೇ ಡೋಸಿಗೇ ಜಿಗೀಬಾರ್ದು, ಡಾಕ್ಟ್ರನ್ನ ಕೇಳ್ಬೇಕು. ಕಾರ್ಬಮಜೆಪಿನ್ನಿಗೂ ದದ್ದಿನ ಎಚ್ಚರಿಕೆ ಐತೆ. ಒಲಾಂಜಪಿನ್, ಕ್ವೆಟಿಯಾಪಿನ್‌ಗೆ ತೂಕ, ಶುಗರ್, ಕೊಲೆಸ್ಟ್ರಾಲ್ ಏರೋ ಎಚ್ಚರಿಕೆ ಇರ್ಬೇಕು.

ಇನ್ನೊಂದು, ಡಿಪ್ರೆಶನ್ ಮಾತ್ರೆ, ಆಂಟಿ ಡಿಪ್ರೆಸೆಂಟ್ ಅಂತಾರಲ್ಲ ಅದು. ಬೈಪೋಲಾರ್ ಇರೋರಿಗೆ ಅದೊಂದನ್ನೇ ಕೊಟ್ರೆ ಮನಸ್ಸು ಕೆಳಗಿಂದ ಎದ್ದು ಸೀದಾ ಮೇನಿಯಾಕ್ಕೆ ಏರೋ ಅಪಾಯ ಐತೆ. ಬೈಪೋಲಾರ್ ಡಿಪ್ರೆಶನ್ ಬಗ್ಗೆ ಬರೆದು ಇದನ್ನ ಹೇಳಿಲ್ಲ ಅಂದ್ರೆ ಬರೆದೋರಿಗೆ ವಿಷಯ ಗೊತ್ತಿಲ್ಲ.

ಹಂತ 6: ವಿಡಿಯೋ, ವಾಟ್ಸಪ್, ಎಐ, ಟ್ರಾನ್ಸ್‌ಲೇಟ್

ವಿಡಿಯೋ ನೋಡಬಾರ್ದು ಅಂತಲ್ಲ, ಕಾಯಿಲೆ ಹೆಂಗಿರುತ್ತೆ ಅಂತ ತಿಳಿಯೋಕೆ ಮನೋವೈದ್ಯರ ವಿಡಿಯೋ ಒಳ್ಳೇದೇ. ಡೋಸ್ ಮಾತ್ರ ಅದರಿಂದ ತಗೋಬೇಡ್ರಿ. "ನಾನು ಮಾತ್ರೆ ಬಿಟ್ಟು ಆರು ತಿಂಗಳು, ಫುಲ್ ಆರಾಮಿದೀನಿ" ಅನ್ನೋ ವಿಡಿಯೋ ನೋಡಿದ್ರೆ ಏಳನೇ ತಿಂಗಳ ವಿಡಿಯೋ ಇದೆಯಾ ಅಂತ ಹುಡುಕ್ರಿ. ಲಿಥಿಯಂ ಏಕ್ದಂ ನಿಲ್ಲಿಸಿದ್ರೆ ಕಾಯಿಲೆ ತಿರುಗಿ ಬರೋ ಅಪಾಯ ಜಾಸ್ತಿ, ನಿಲ್ಲಿಸೋದೇ ಆದ್ರೂ ಕನಿಷ್ಠ 4 ವಾರ, ಆದ್ರೆ 3 ತಿಂಗಳು ಹಿಡಿದು ಇಳಿಸ್ರಿ ಅಂತ ನೈಸ್ ಗೈಡ್‌ಲೈನ್ ಹೇಳುತ್ತೆ, ಅದೂ ಡಾಕ್ಟ್ರ ಕಣ್ಗಾವಲಲ್ಲಿ.

ಎಐ ಆ್ಯಪ್‌ಗಳಿಗೆ ಕನ್ನಡದಲ್ಲೇ ಕೇಳಬಹುದು ಈಗ, ಕಷ್ಟದ ಪದದ ಅರ್ಥ ಕೇಳೋಕೆ, ಪ್ರಶ್ನೆ ಜೋಡಿಸ್ಕೊಳ್ಳೋಕೆ ಉಪಯೋಗ ಆಗುತ್ತೆ. ಆದ್ರೆ ತಪ್ಪನ್ನೂ ಅಷ್ಟೇ ಧೈರ್ಯದಿಂದ ಹೇಳುತ್ತೆ ಅದು. ಮಿಲಿಗ್ರಾಂ, ದಿನ, ನಂಬರ್ ಏನು ಬಂದ್ರೂ ಇನ್ನೊಂದು ಕಡೆ ತಾಳೆ ನೋಡ್ರಿ. ಟ್ರಾನ್ಸ್‌ಲೇಟ್ ಒತ್ತಿ ಓದೋರು "ಮಾಡಬೇಡಿ", "ಹೊರತು", "ಮೊದಲು" ಇಂಥ ಪದ ಇರೋ ವಾಕ್ಯವನ್ನ ಇಂಗ್ಲಿಷ್ ಬಲ್ಲ ಯಾರಿಗಾದ್ರೂ ತೋರಿಸ್ರಿ, ಪಿಯುಸಿ ಹುಡುಗಿ ಆದ್ರೂ ಸರಿ. ಒಂದು "ಇಲ್ಲ" ಬಿದ್ದುಹೋದ್ರೆ ಅರ್ಥ ಉಲ್ಟಾ.

ವಾಟ್ಸಪ್ ಗುಂಪಿಗೆ ಚೀಟಿ ಫೋಟೋ ಹಾಕಿ "ಯಾರಿಗಾದ್ರೂ ಗೊತ್ತಾ" ಅನ್ನೋದು ಬೇಡ. ಹೆಸರು, ವಯಸ್ಸು, ಊರು ಎಲ್ಲಾ ಅದರಲ್ಲಿ ಇರುತ್ತೆ, ನಾಳೆ ಹೆಣ್ಣು ಗಂಡು ನೋಡೋ ಹೊತ್ತಿಗೆ ಅದೇ ಫೋಟೋ ನಾಲ್ಕು ಊರು ಸುತ್ತಿ ಬಂದಿರುತ್ತೆ.

ಹಂತ 7: ಹೇಳ್ತಾ ಇರೋರು ಯಾರು

ಮನೋವೈದ್ಯರು ಅಂದ್ರೆ ಎಂಬಿಬಿಎಸ್ ಆದ ಮೇಲೆ ಸೈಕಿಯಾಟ್ರಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿರೋರು, ಮಾತ್ರೆ ಬರೆಯೋರು ಇವರು. ನಮ್ಮ ಕಡೆ ಇವರಿಗೂ "ನರದ ಡಾಕ್ಟ್ರು" ಅಂತಾರೆ, ನ್ಯೂರಾಲಜಿಯವರಿಗೂ ಅದನ್ನೇ ಅಂತಾರೆ, ಕೇಳಿ ಖಚಿತ ಮಾಡ್ಕೊಳ್ರಿ. ರಿಜಿಸ್ಟ್ರೇಷನ್ ನಂಬರ್ ಚೀಟಿ ಮೇಲೇ ಇರುತ್ತೆ, ಕರ್ನಾಟಕ ಮೆಡಿಕಲ್ ಕೌನ್ಸಿಲ್‌ದೋ, ರಾಷ್ಟ್ರೀಯ ವೈದ್ಯಕೀಯ ಆಯೋಗದ್ದೋ ಪಟ್ಟೀಲಿ ಹಾಕಿ ನೋಡಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯಲ್ಲ, ಮಾತಿನ ಚಿಕಿತ್ಸೆ ಕೊಡೋರು, ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತು, ಆರ್‌ಸಿಐ ಅಂತಾರೆ, ಅದರ ನಂಬರ್ ಇರ್ಬೇಕು. ಮೂರು ದಿನದ ಕೋರ್ಸ್ ಮಾಡಿ ಮೈಂಡ್ ಕೋಚ್ ಅಂತ ಬೋರ್ಡ್ ಹಾಕಿರೋರಿಗೆ ಎರಡೂ ಇರಲ್ಲ.

ಹರಕೆ ಹೊತ್ತು ಉಕ್ಕಡಗಾತ್ರಿ ಅಜ್ಜಯ್ಯನ ಗದ್ದುಗೆಗೆ ಹೋಗಬೇಡ್ರಿ ಅಂತ ಹೇಳೋಕೆ ನಾನ್ಯಾರು, ನಮ್ಮವ್ವನೂ ಹೋಗ್ತಾಳೆ, ಅಣ್ಣನ್ನೂ ಕರ್ಕೊಂಡು ಹೋಗ್ತಾಳೆ. ಬ್ಯಾಗಲ್ಲಿ ಮಾತ್ರೆ ಡಬ್ಬಿ, ನೀರಿನ ಬಾಟ್ಲು ಇರುತ್ತೆ, ಹೊತ್ತಿಗೆ ಸರಿಯಾಗಿ ಅವಳೇ ಕೊಡ್ತಾಳೆ.

ಹಂತ 8: ಡಾಕ್ಟ್ರ ಮುಂದೆ

ಓಪಿಡಿಯಲ್ಲಿ ನಿಮಗೆ ಸಿಗೋದು ಎರಡೋ ಮೂರೋ ನಿಮಿಷ. ಹತ್ತು ಪ್ರಶ್ನೆ ಬೇಡ, ಮೂರು. ಮುಖ್ಯವಾದ್ದು ಮೊದಲು. "ಗೂಗಲಲ್ಲಿ ಹಿಂಗೈತೆ, ನೀವು ಹಂಗೆ ಕೊಟ್ಟೀರಿ" ಅಂತ ಶುರು ಮಾಡಿದ್ರೆ ಅವರ ಮುಖ ಅಲ್ಲೇ ಬಿಗಿಯುತ್ತೆ, ಹೊರಗೆ ನಲವತ್ತು ಜನ ನಿಂತಿರ್ತಾರೆ ಪಾಪ. "ಸರ್, ಇವನಿಗೆ ಮಂಡಿ ನೋವೈತೆ, ಲಿಥಿಯಂ ಜೊತೆ ಯಾವ ನೋವಿನ ಮಾತ್ರೆ ಕೊಡಬಹುದು" ಅಂತ ಕೇಳಿ ನೋಡ್ರಿ, ಒಂದೇ ಸಾಲಲ್ಲಿ ಉತ್ತರ ಬರುತ್ತೆ. ಅದನ್ನ ಅಲ್ಲೇ ಬರ್ಕೊಳ್ರಿ, ಬಸ್ ಸ್ಟ್ಯಾಂಡಿಗೆ ಬರೋಷ್ಟರಲ್ಲಿ ಮರೆತಿರುತ್ತೆ.

ಕಾಯಿಲೆ ಇರೋರನ್ನ ಹೊರಗೆ ಕೂರಿಸಿ ನೀವೊಬ್ರೇ ಒಳಗೆ ಹೋಗಿ ಮಾತಾಡೋದು ಬಿಡ್ರಿ. ಪ್ರಶ್ನೆಗಳಲ್ಲಿ ಒಂದಾದ್ರೂ ಅವರದ್ದೇ ಇರ್ಲಿ. ನಾನು ಆರು ವರ್ಷ ಅಣ್ಣನ ಪರವಾಗಿ ನಾನೇ ಕೇಳ್ತಾ ಬಂದೆ, ಒಂದಿನ ಅವನೇ ನೋಟ್ ಬುಕ್ಕು ಇಸ್ಕೊಂಡು "ಈ ಮಾತ್ರೆ ತಗೊಂಡ್ರೆ ಬೆಳಿಗ್ಗೆ ಎದ್ದು ಹಾಲಿನ ಲೈನ್ ಮಾಡೋಕೆ ಆಗುತ್ತಾ" ಅಂತ ಬರೆದ. ಡಾಕ್ಟ್ರು ಅದನ್ನ ಓದಿ ರಾತ್ರಿ ಮಾತ್ರೆ ಟೈಮ್ ಹಿಂದಕ್ಕೆ ಹಾಕಿದ್ರು, ಊಟ ಆದ ತಕ್ಷಣಕ್ಕೆ. ಆ ಪ್ರಶ್ನೆ ನಂಗೆ ಯಾವ ವೆಬ್‌ಸೈಟಲ್ಲೂ ಹೊಳೆದಿರಲಿಲ್ಲ.

ನೋಟ್ ಬುಕ್ಕಿನ ಪ್ರತಿ ಪುಟದಲ್ಲಿ ಐದು ಕಾಲಂ ಎಳೀರಿ: ತಾರೀಖು, ಎಷ್ಟು ಗಂಟೆ ನಿದ್ದೆ, ಮನಸ್ಸು ಮೇಲಾ ಕೆಳಗಾ ಮಧ್ಯನಾ, ಮಾತ್ರೆ ತಗೊಂಡ್ರಾ, ಬೇರೆ ಏನಾದ್ರೂ ಮಾತ್ರೆ ಸೇರಿತಾ. ದಿನಕ್ಕೆ ಒಂದು ಸಾಲು. ಮುಂದಿನ ರಕ್ತ ಪರೀಕ್ಷೆ ತಾರೀಖನ್ನ ಮಾತ್ರ ರಟ್ಟಿನ ಮೇಲೆ ಸ್ಕೆಚ್ ಪೆನ್ನಲ್ಲಿ ದಪ್ಪಗೆ ಬರೀರಿ, ಒಳಗೆ ಬರೆದ್ರೆ ಯಾರೂ ತೆಗೆದು ನೋಡಲ್ಲ.